ಕೀಲಿ ಯಾರ ಕೈಲಿ? ಒಂದು ವಿಭಾಗದ ವೆಬ್‌ಸೈಟ್ ಮತ್ತು 11 ಟಿಬಿ ಫೈಲುಗಳ ಪ್ರಕರಣ

ಒಂದು ಸೋಮವಾರ ಬೆಳಗ್ಗೆ ಸಸ್ಯವಿಜ್ಞಾನ ವಿಭಾಗದ ಕಚೇರಿಯಿಂದ ಫೋನ್ ಬಂತು. "ನಮ್ಮ ವೆಬ್‌ಸೈಟ್ ಓಪನ್ ಆಗ್ತಾ ಇಲ್ಲ, ಸ್ವಲ್ಪ ನೋಡ್ತೀರಾ?" ಪ್ರವೇಶಕ್ಕೆ ಅರ್ಜಿ ಹಾಕಲು ಇನ್ನು ಒಂಬತ್ತೇ ದಿನ ಉಳಿದಿತ್ತು. ನಾನು ವಿಶ್ವವಿದ್ಯಾಲಯದ ಕಂಪ್ಯೂಟರ್ ಕೇಂದ್ರದಲ್ಲಿ ಕೆಲಸ ಮಾಡುತ್ತೇನೆ. ಇಂಥ ಫೋನ್ ಮೊದಲು ಬರುವುದು ನಮಗೇ. ಸರ್ವರ್‌ಗಳನ್ನು ಒಂದೊಂದಾಗಿ ನೋಡಿದೆ. ಎಲ್ಲ ಸರಿಯಾಗಿ ಓಡುತ್ತಿದ್ದವು. ಆ ವಿಭಾಗದ ವೆಬ್‌ಸೈಟ್ ಮಾತ್ರ ನಮ್ಮ ಯಾವ ಸರ್ವರ್‌ನಲ್ಲೂ ಇರಲೇ ಇಲ್ಲ.

ಅದು ಇದ್ದದ್ದು ವೆಬ್‌ಸೈಟ್‌ಗಳಿಗೆ ಜಾಗ ಬಾಡಿಗೆಗೆ ಕೊಡುವ ಹೊರಗಿನ ಒಂದು ಹೋಸ್ಟಿಂಗ್ ಕಂಪನಿಯಲ್ಲಿ. ಆರು ವರ್ಷದ ಹಿಂದೆ ವಿಭಾಗದ ಸಂಶೋಧನಾ ವಿದ್ಯಾರ್ಥಿಯೊಬ್ಬರು ತಮ್ಮ ಹೆಸರಲ್ಲೇ ಡೊಮೇನ್ (ವೆಬ್‌ಸೈಟ್‌ನ ವಿಳಾಸದ ಹೆಸರು) ಕೊಂಡು, ತಮ್ಮ ಕಾರ್ಡ್‌ನಿಂದಲೇ ಹಣ ಕಟ್ಟಿ, ರಾತ್ರಿಯೆಲ್ಲ ಕೂತು ಅದನ್ನು ಕಟ್ಟಿದ್ದರು. ಪಿಎಚ್‌ಡಿ ಮುಗಿಸಿ ಹೋದ ಮೇಲೂ ಎರಡು ವರ್ಷ ಅವರೇ ಹಣ ಕಟ್ಟಿದ್ದಾರೆ. ಈ ಸಲ ಅವರ ಕಾರ್ಡ್ ಬದಲಾಗಿತ್ತು. "ನವೀಕರಿಸಿ, ನವೀಕರಿಸಿ" ಎಂಬ ಇಮೇಲ್‌ಗಳೆಲ್ಲ ಅವರ ಹಳೆಯ ವಿಶ್ವವಿದ್ಯಾಲಯದ ವಿಳಾಸಕ್ಕೆ ಹೋಗಿವೆ. ಆ ವಿಳಾಸವನ್ನು ಮುಚ್ಚಿದ್ದು ನಮ್ಮದೇ ಕೇಂದ್ರ. ಓದು ಮುಗಿಸಿದವರ ಖಾತೆ ಮುಚ್ಚುವುದು ನಮ್ಮ ನಿಯಮ. ಆ ಖಾತೆಗೆ ಏನೇನು ತಗುಲಿಕೊಂಡಿದೆ ಎಂದು ನೋಡುವ ನಿಯಮ ಮಾತ್ರ ನಮ್ಮಲ್ಲಿ ಇರಲಿಲ್ಲ.

ಈ ಪ್ರಕರಣವನ್ನು ಪೂರ್ತಿಯಾಗಿ ಬರೆದಿಡುತ್ತಿದ್ದೇನೆ. ಬೇರೆ ವಿಶ್ವವಿದ್ಯಾಲಯಗಳ ಗೆಳೆಯರ ಜೊತೆ ಮಾತಾಡಿದಾಗಲೆಲ್ಲ ಹೆಚ್ಚುಕಡಿಮೆ ಇದೇ ಕಥೆ ಕೇಳಿದ್ದೇನೆ. ಯಾರ ಗುರುತೂ ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.

ಮೊದಲ ಎರಡು ದಿನ

ಡೊಮೇನ್ ಅವಧಿ ಮುಗಿದು ಹನ್ನೆರಡು ದಿನ ಆಗಿತ್ತು. ಅಷ್ಟರಲ್ಲೇ ಗೊತ್ತಾದದ್ದು ಪುಣ್ಯ. ಅವಧಿ ಮುಗಿದ ಕೂಡಲೇ ಡೊಮೇನ್ ಕೈತಪ್ಪಿ ಹೋಗುವುದಿಲ್ಲ. ಸಾಮಾನ್ಯವಾಗಿ ಮೊದಲು ಕೆಲವು ದಿನ ಮಾಮೂಲಿ ದರದಲ್ಲೇ ನವೀಕರಿಸಲು ಬಿಡುತ್ತಾರೆ. ಅದು ದಾಟಿದರೆ .ಕಾಮ್, .ಆರ್ಗ್‌ನಂಥ ಹೆಸರುಗಳಿಗೆ ಇನ್ನೊಂದು 30 ದಿನ ಸಿಗುತ್ತದೆ, ಆದರೆ ಆಗ ದಂಡ ಜಾಸ್ತಿ. ಅದೂ ದಾಟಿದರೆ ಹೆಸರು ಬಯಲಿಗೆ ಬೀಳುತ್ತದೆ. ಯಾರು ಬೇಕಾದರೂ ಕೊಳ್ಳಬಹುದು. ವಿಶ್ವವಿದ್ಯಾಲಯದ ಹೆಸರಿನ ಜೊತೆ ವರ್ಷಗಟ್ಟಲೆ ಓಡಾಡಿದ ವಿಳಾಸಕ್ಕೆ ಗಿರಾಕಿಗಳು ಕಾದಿರುತ್ತಾರೆ. ಅಲ್ಲಿ ಜೂಜಿನ ಪುಟ ಹಾಕಿದರೆ ಹಳೆಯ ಲಿಂಕ್‌ಗಳ ದಾರಿಯಲ್ಲಿ ಬಂದವರೆಲ್ಲ ಅದನ್ನೇ ನೋಡಬೇಕಾಗುತ್ತದೆ.

ಆ ಹಳೆಯ ವಿದ್ಯಾರ್ಥಿಯ ನಂಬರ್ ಯಾರ ಬಳಿಯೂ ಇರಲಿಲ್ಲ. ಅವರ ಸಹಪಾಠಿಯೊಬ್ಬರಿಂದ ಸಂಜೆ ಸಿಕ್ಕಿತು. ಫೋನ್ ಮಾಡಿದರೆ ಅವರಿಗೇ ಗಾಬರಿ. "ಅಯ್ಯೋ ಸರ್, ನನಗೆ ಒಂದು ಮೇಲ್ ಕೂಡ ಬಂದಿಲ್ಲ. ಈಗಲೇ ಕಟ್ತೀನಿ" ಅಂದವರು ಆ ರಾತ್ರಿಯೇ ಹಣ ಕಟ್ಟಿದರು. ಬುಧವಾರ ಬೆಳಗ್ಗೆ ಹೊತ್ತಿಗೆ ವೆಬ್‌ಸೈಟ್ ಎದ್ದಿತ್ತು. ಆ ವಿದ್ಯಾರ್ಥಿಯದು ಏನೂ ತಪ್ಪಿಲ್ಲ ಎಂದು ವಿಭಾಗದ ಸಭೆಯಲ್ಲಿ ನಾನೇ ಎದ್ದು ಹೇಳಿದೆ. ಸಂಸ್ಥೆ ಮಾಡಬೇಕಾದ ಕೆಲಸವನ್ನು ಆರು ವರ್ಷ ಒಬ್ಬರೇ ಹೊತ್ತಿದ್ದರು.

ಅದೇ ವಾರ ಅದೇ ವಿಭಾಗದ ಹಿರಿಯ ಪ್ರಾಧ್ಯಾಪಕಿಯೊಬ್ಬರು ನಮ್ಮ ಕೇಂದ್ರಕ್ಕೆ ಬಂದರು. ಅವರಿಗೆ ನಮ್ಮಿಂದಲೇ ಒಂದು ನೋಟಿಸ್ ಹೋಗಿತ್ತು: ನಿಮ್ಮ ಗೂಗಲ್ ಡ್ರೈವ್‌ನಲ್ಲಿ 11.4 ಟಿಬಿ ಇದೆ, ದಯವಿಟ್ಟು ಕಡಿಮೆ ಮಾಡಿ. ಒಂದು ಟಿಬಿ ಅಂದರೆ ಸುಮಾರು ಸಾವಿರ ಜಿಬಿ. ನಾಲ್ಕು ತಿಂಗಳಲ್ಲಿ ಅವರ ನಿವೃತ್ತಿ. "ಇದು ಇಪ್ಪತ್ತು ವರ್ಷದ ಕೆಲಸ. ಏನು ಅಳಿಸಲಿ ಹೇಳಿ?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಎರಡೂ ಒಂದೇ ಸಮಸ್ಯೆ ಅನ್ನುವುದು ಹೊಳೆದದ್ದು ಆಗಲೇ. ವೆಬ್‌ಸೈಟ್ ಒಬ್ಬ ವಿದ್ಯಾರ್ಥಿಯ ಹೆಸರಲ್ಲಿ, ಫೈಲುಗಳು ಒಬ್ಬ ಪ್ರಾಧ್ಯಾಪಕಿಯ ಖಾತೆಯಲ್ಲಿ. ವಿಭಾಗದ ಹೆಸರಲ್ಲಿ ಏನೂ ಇಲ್ಲ.

ಬಿಟ್ಟಿ ಜಾಗ ಮುಗಿದದ್ದು ಹೇಗೆ

ನೋಟಿಸ್ ಯಾಕೆ ಹೋಯಿತು ಎಂದು ಹೇಳಲೇಬೇಕು. ಬಹಳ ವರ್ಷ ಗೂಗಲ್ ಶಿಕ್ಷಣ ಸಂಸ್ಥೆಗಳಿಗೆ ಮಿತಿಯೇ ಇಲ್ಲದ ಜಾಗ ಕೊಟ್ಟಿತ್ತು. 2021ರ ಫೆಬ್ರವರಿಯಲ್ಲಿ ಅದು ನಿಲ್ಲುತ್ತದೆ ಎಂದು ತಿಳಿಸಿತು. ಮೊದಲಿಂದ ಇದ್ದ ಸಂಸ್ಥೆಗಳಿಗೆ 2022ರ ಜುಲೈನಿಂದ ಹೊಸ ಲೆಕ್ಕ: ಇಡೀ ಸಂಸ್ಥೆಗೆ ಸೇರಿ 100 ಟಿಬಿ. ಮೈಕ್ರೋಸಾಫ್ಟ್ ಕೂಡ 2024ರ ಆಗಸ್ಟ್‌ನಿಂದ ಹೆಚ್ಚುಕಡಿಮೆ ಇದೇ ದಾರಿಗೆ ಬಂತು. ಅಲ್ಲೂ ಸಂಸ್ಥೆಗೆ 100 ಟಿಬಿ, ಅದರ ಮೇಲೆ ಹಣ ಕೊಟ್ಟ ಬಳಕೆದಾರರ ಲೆಕ್ಕದಲ್ಲಿ ತಲಾ 50 ಅಥವಾ 100 ಜಿಬಿ.

100 ಟಿಬಿ ಅಂದರೆ ದೊಡ್ಡದು ಅನಿಸುತ್ತದೆ, ಅಲ್ವಾ? ಭಾಗಿಸಿ ನೋಡಿ. 20,000 ಖಾತೆ ಇರುವ ವಿಶ್ವವಿದ್ಯಾಲಯದಲ್ಲಿ ತಲೆಗೆ 5 ಜಿಬಿ ಬರುತ್ತದೆ. ಈಗಿನ ಮೊಬೈಲ್‌ನಲ್ಲಿ ತೆಗೆದ ಒಂದಿಷ್ಟು ವಿಡಿಯೊ ಹಾಕಿದರೆ ಅದು ತುಂಬುತ್ತದೆ. ಹಾಗಿರುವಾಗ ಒಂದೇ ಲ್ಯಾಬ್‌ನ 11.4 ಟಿಬಿ ಇಡೀ ಸಂಸ್ಥೆಯ ಪಾಲಿನ ಹತ್ತರಲ್ಲಿ ಒಂದಕ್ಕಿಂತ ಜಾಸ್ತಿ. ಮೇಡಂ ತಪ್ಪು ಮಾಡಿರಲಿಲ್ಲ. "ಎಷ್ಟು ಬೇಕಾದರೂ ಇಡಿ" ಎಂದು ಹಿಂದೆ ಸುತ್ತೋಲೆ ಕಳಿಸಿದ್ದು ನಾವೇ.

ನಾನು ಕೇಳಿದ ತಪ್ಪು ಪ್ರಶ್ನೆ

ಮೊದಲು ನಾನು ಮಾಡಿದ್ದು ಎಲ್ಲರೂ ಮಾಡುವುದನ್ನೇ. ಒಂದು ಫಾರ್ಮ್ ಕಳಿಸಿದೆ. "ನಿಮಗೆ ಎಷ್ಟು ಜಿಬಿ ಬೇಕು? ಯಾವ ಸೇವೆ ಇಷ್ಟ?" ವಿಭಾಗದ ಹನ್ನೊಂದು ಜನ ಉತ್ತರ ಕೊಟ್ಟರು. ಒಬ್ಬರು 10 ಜಿಬಿ ಅಂದರು, ಒಬ್ಬರು 10 ಟಿಬಿ. ಒಬ್ಬರು "ಈಗಿರುವಷ್ಟೇ" ಎಂದು ಬರೆದಿದ್ದರು. ಈಗ ಎಷ್ಟಿದೆ ಎಂದು ಕೇಳಿದರೆ ಅವರಿಗೆ ಗೊತ್ತಿಲ್ಲ. ಅಡ್ಡಾದಿಡ್ಡಿ ಬಂದ ಆ ಉತ್ತರಗಳಿಂದ ಏನನ್ನೂ ತೀರ್ಮಾನಿಸಲು ಆಗಲಿಲ್ಲ.

ಹಾಗಾಗಿ ಫಾರ್ಮ್ ಬಿಟ್ಟು ಲ್ಯಾಬ್‌ಗೇ ಹೋಗಿ ಕೂತೆ. ಮೂರು ದಿನ. ಮೇಡಂ, ಅವರ ಲ್ಯಾಬ್‌ನ ಒಬ್ಬ ಸಂಶೋಧನಾ ವಿದ್ಯಾರ್ಥಿನಿ, ನಾನು. ಒಂದೊಂದೇ ಫೋಲ್ಡರ್ ತೆರೆದು ನಾಲ್ಕು ಪ್ರಶ್ನೆ ಕೇಳುತ್ತಾ ಹೋದೆವು. ಇದು ಯಾರದು? ಇದನ್ನು ಯಾರು ದಿನಾ ಮುಟ್ಟುತ್ತಾರೆ? ಇದು ಹೋದರೆ ಮತ್ತೆ ತಯಾರಿಸಬಹುದಾ? ನಾಳೆ ನೀವು ಇಲ್ಲಿ ಇಲ್ಲದಿದ್ದರೆ ಇದನ್ನು ಯಾರು ತೆರೆಯಬೇಕು?

ನಾಲ್ಕನೇ ಪ್ರಶ್ನೆಗೆ ಪ್ರತಿ ಸಲ ಸ್ವಲ್ಪ ಹೊತ್ತು ಮೌನ.

ಎರಡನೇ ದಿನ ಮಧ್ಯಾಹ್ನ ಮೈಕ್ರೋಸ್ಕೋಪ್ ಮೇಜಿನ ಕೆಳಗಿನ ಡ್ರಾಯರ್ ತೆರೆದರು. ಒಳಗೆ ಏಳು ಹಾರ್ಡ್ ಡಿಸ್ಕ್‌ಗಳಿದ್ದವು. ಪ್ರತಿಯೊಂದರ ಮೇಲೂ ಕಾಗದದ ಟೇಪ್ ಅಂಟಿಸಿ ಪೆನ್ನಿನಲ್ಲಿ ಬರೆದಿತ್ತು. ಒಂದರ ಮೇಲೆ "ಎಲೆ 2014 ಪೂರ್ತಿ". ಇನ್ನೊಂದರ ಮೇಲೆ "ಇದನ್ನು ಅಳಿಸಬೇಡಿ", ಅಷ್ಟೇ. ಒಳಗೆ ಏನಿದೆ ಎಂದು ಯಾರಿಗೂ ನೆನಪಿಲ್ಲ. ಮೂರನೆಯದರ ಟೇಪ್‌ನ ಶಾಯಿ ಮಾಸಿ ಬರೀ "ಬೀಜ" ಎಂಬುದು ಮಾತ್ರ ಓದಲು ಬರುತ್ತಿತ್ತು. ಅದನ್ನು ಕಂಪ್ಯೂಟರ್‌ಗೆ ಹಾಕಿದೆವು. ದೀಪ ಹತ್ತಿತು. ಆಮೇಲೆ ಟಿಕ್, ಟಿಕ್, ಟಿಕ್ ಎಂದು ಒಂದೇ ಸಮ ಸದ್ದು. ಡಿಸ್ಕ್ ಪರದೆಯ ಮೇಲೆ ಬರಲೇ ಇಲ್ಲ. ಮೇಡಂ ಏನೂ ಮಾತಾಡಲಿಲ್ಲ. ಡಿಸ್ಕನ್ನು ತೆಗೆದು, ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡು, ವಾಪಸ್ ಡ್ರಾಯರ್‌ನಲ್ಲಿ ಇಟ್ಟರು. ಎರಡು ವರ್ಷ ಊರೂರು ಸುತ್ತಿ ತೆಗೆದ ಬೀಜಗಳ ಫೋಟೊಗಳು ಅದರಲ್ಲಿದ್ದವು. ಅರ್ಧದಷ್ಟು ಅವರ ಡ್ರೈವ್‌ನಲ್ಲೂ ಸಿಕ್ಕವು. ಉಳಿದದ್ದಕ್ಕೆ ಬೇರೆ ಪ್ರತಿ ಇರಲಿಲ್ಲ.

ಮೂರು ದಿನದ ಕೊನೆಗೆ ನಮ್ಮ ಕೈಲಿ ಒಂದು ಲೆಕ್ಕ ಇತ್ತು. ಡ್ರೈವ್‌ನ 11.4 ಟಿಬಿಯಲ್ಲಿ 3.1 ಟಿಬಿ ಒಂದೇ ಫೈಲಿನ ಎರಡು ಮೂರು ಪ್ರತಿಗಳು ಮತ್ತು ಸಾಫ್ಟ್‌ವೇರ್ ಬಿಟ್ಟುಹೋದ ತಾತ್ಕಾಲಿಕ ಫೈಲುಗಳು. ಮುಗಿದ ಯೋಜನೆಗಳ ಮೂಲ ಚಿತ್ರಗಳು 5.2 ಟಿಬಿ. ಈಗ ನಡೆಯುತ್ತಿರುವ ಕೆಲಸ 2.3. ಪಾಠ, ಸಭೆ, ಪತ್ರ, ಫೋಟೊ ಇತ್ಯಾದಿ 0.8. ಅಂದರೆ ನಿಜವಾಗಿ ಉಳಿಸಬೇಕಾದದ್ದು 8.3 ಟಿಬಿ. ಅದರಲ್ಲೂ ದಿನಾ ಕೈಗೆ ಬೇಕಾದದ್ದು ಮೂರು ಟಿಬಿಗಿಂತ ಸ್ವಲ್ಪ ಜಾಸ್ತಿ.

ಈ ಲೆಕ್ಕ ಸಿಕ್ಕ ಮೇಲೆ ಸೇವೆ ಆರಿಸುವುದು ಎಷ್ಟೋ ಸುಲಭವಾಯಿತು. ಅಲ್ಲಿವರೆಗೆ ನಾವು "ಗೂಗಲ್ಲೋ, ಮೈಕ್ರೋಸಾಫ್ಟೋ, ನಮ್ಮದೇ ಸರ್ವರೋ" ಎಂದು ಸುಮ್ನೆ ವಾದ ಮಾಡುತ್ತಿದ್ದೆವು. ಒಂದೇ ಜಾಗದಲ್ಲಿ ಎಲ್ಲವನ್ನೂ ಇಡುವ ಯೋಚನೆಯೇ ಸರಿ ಇರಲಿಲ್ಲ.

ಯಾವುದು ಎಲ್ಲಿಗೆ

ಪಾಠ, ಸಭೆ, ಪತ್ರಗಳು ಗೂಗಲ್ ಡ್ರೈವ್‌ನಲ್ಲೇ ಉಳಿದವು. ಆದರೆ ಮೇಡಂ ಅವರ "ಮೈ ಡ್ರೈವ್"ನಿಂದ ವಿಭಾಗದ "ಶೇರ್ಡ್ ಡ್ರೈವ್"ಗೆ ಹೋದವು. ಈ ಎರಡರ ನಡುವಿನ ವ್ಯತ್ಯಾಸ ಬಹಳ ಜನರಿಗೆ ಗೊತ್ತಿಲ್ಲ. ಮೈ ಡ್ರೈವ್‌ನಲ್ಲಿರುವ ಫೈಲ್‌ಗೆ ವ್ಯಕ್ತಿಯೇ ಒಡೆಯ. ಎಷ್ಟು ಜನರ ಜೊತೆ ಹಂಚಿಕೊಂಡಿದ್ದರೂ, ಬೇರೆಯವರ ಹೆಸರಿಗೆ ವರ್ಗಾಯಿಸದೆ ಆ ಖಾತೆಯನ್ನು ಅಳಿಸಿದರೆ ಫೈಲೂ ಹೋಗುತ್ತದೆ. ಶೇರ್ಡ್ ಡ್ರೈವ್‌ನಲ್ಲಿ ತಂಡವೇ ಒಡೆಯ. ಒಬ್ಬರು ಹೋದರೂ ಫೈಲ್ ಅಲ್ಲೇ ಇರುತ್ತದೆ. ಮೈಕ್ರೋಸಾಫ್ಟ್ ಬಳಸುವವರಿಗೂ ಇದೇ ಮಾತು. ಒನ್‌ಡ್ರೈವ್ ವ್ಯಕ್ತಿಯದು, ಶೇರ್‌ಪಾಯಿಂಟ್ ತಂಡದ್ದು. ನಿರ್ವಾಹಕರು ಬೇರೆ ಅವಧಿ ಇಟ್ಟಿರದಿದ್ದರೆ ಖಾತೆ ಅಳಿಸಿದ 30 ದಿನಕ್ಕೆ ಆ ವ್ಯಕ್ತಿಯ ಒನ್‌ಡ್ರೈವ್ ಅಳಿಸುವ ಸಾಲಿಗೆ ಸೇರುತ್ತದೆ. ನಿವೃತ್ತಿಯಾದವರ ಫೈಲ್ ಬೇಕೆಂದು ವಿಭಾಗಕ್ಕೆ ನೆನಪಾಗುವುದು ಸಾಮಾನ್ಯವಾಗಿ ಮುಂದಿನ ಪರೀಕ್ಷೆಯ ಹೊತ್ತಿಗೆ. ಅಷ್ಟರಲ್ಲಿ ತಡವಾಗಿರುತ್ತದೆ.

ನಡೆಯುತ್ತಿರುವ ಕೆಲಸದ 2.3 ಟಿಬಿ ಕ್ಯಾಂಪಸ್‌ನ ಫೈಲ್ ಸರ್ವರ್‌ಗೆ ಹೋಯಿತು. ಮೈಕ್ರೋಸ್ಕೋಪ್ ಒಂದು ದಿನಕ್ಕೆ ನೂರಾರು ಜಿಬಿ ಚಿತ್ರ ತೆಗೆಯಬಲ್ಲದು. ಅದನ್ನು ಇಂಟರ್‌ನೆಟ್ ಮೇಲೆ ಕಳಿಸಿ, ಮತ್ತೆ ಇಳಿಸಿಕೊಂಡು ಅಳೆಯುವುದು ಹಿಂಸೆ. ಡ್ರೈವ್‌ಗೆ ಒಂದು ಖಾತೆಯಿಂದ ದಿನಕ್ಕೆ 750 ಜಿಬಿಗಿಂತ ಜಾಸ್ತಿ ಏರಿಸಲೂ ಆಗದು. ಫೈಲ್ ಸರ್ವರ್ ಅದೇ ನೆಟ್‌ವರ್ಕ್‌ನಲ್ಲಿದೆ, ಗಂಟೆಗೊಮ್ಮೆ ಸ್ನ್ಯಾಪ್‌ಶಾಟ್ (ಫೈಲುಗಳು ಆ ಹೊತ್ತಿಗೆ ಇದ್ದ ಸ್ಥಿತಿಯ ನಕಲು) ತೆಗೆಯುತ್ತದೆ. ಬೆಳಗ್ಗೆ ತಪ್ಪಿ ಅಳಿಸಿದ ಫೋಲ್ಡರನ್ನು ಮಧ್ಯಾಹ್ನದ ಹೊತ್ತಿಗೆ ಅವರೇ ವಾಪಸ್ ತೆಗೆದುಕೊಳ್ಳಬಹುದು, ನಮಗೆ ಫೋನ್ ಮಾಡಬೇಕಿಲ್ಲ.

ನಮ್ಮದೇ ನೆಕ್ಸ್ಟ್‌ಕ್ಲೌಡ್ (ಸ್ವಂತ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದಾದ, ಡ್ರೈವ್‌ನಂಥ ಸಾಫ್ಟ್‌ವೇರ್) ಹಾಕಬಹುದಲ್ಲ ಎಂದು ಸಭೆಯಲ್ಲಿ ಒಬ್ಬರು ಕೇಳಿದರು. ಒಳ್ಳೆಯ ಪ್ರಶ್ನೆ. ಜರ್ಮನಿಯ ನಾರ್ತ್ ರೈನ್-ವೆಸ್ಟ್‌ಫಾಲಿಯಾ ರಾಜ್ಯದ ವಿಶ್ವವಿದ್ಯಾಲಯಗಳು 2015ರಲ್ಲಿ ಸೇರಿಕೊಂಡು ಅಂಥದ್ದೇ ಸಾಫ್ಟ್‌ವೇರ್ ಆದ ಓನ್‌ಕ್ಲೌಡ್ ಮೇಲೆ "ಸೀಬೊ" ಎಂಬ ಸೇವೆ ಶುರು ಮಾಡಿದವು. ಹಲವು ಸಂಸ್ಥೆಗಳು ಕೈ ಜೋಡಿಸಿದಾಗ ಅದು ಗಟ್ಟಿಯಾಗಿ ನಿಲ್ಲುತ್ತದೆ. ನಮ್ಮ ಕೇಂದ್ರದಲ್ಲಿ ಸರ್ವರ್ ನೋಡುವವರು ನಾವು ಮೂರೇ ಜನ. ರಾತ್ರಿ ಎರಡಕ್ಕೆ ಅದು ನಿಂತರೆ ಎಬ್ಬಿಸಲು ಯಾರಿದ್ದಾರೆ? ಆ ಆಸೆಯನ್ನು ಬಿಟ್ಟಿಲ್ಲ, ಮುಂದಕ್ಕೆ ಹಾಕಿದ್ದೇವೆ.

ಮುಗಿದ ಯೋಜನೆಗಳ 5.2 ಟಿಬಿಯೇ ಕಷ್ಟದ್ದು. ಇದನ್ನು ವರ್ಷಕ್ಕೊಮ್ಮೆ ಯಾರಾದರೂ ತೆರೆದರೆ ಹೆಚ್ಚು. ಆದರೆ ಕಳೆದುಹೋಗುವಂತಿಲ್ಲ. ಇಲ್ಲಿ ನಾವು ಹಳೆಯ 3-2-1 ಸೂತ್ರಕ್ಕೆ ಅಂಟಿಕೊಂಡೆವು. ಮೂರು ಪ್ರತಿ, ಎರಡು ಬೇರೆ ಬಗೆಯ ಮಾಧ್ಯಮ, ಒಂದು ಬೇರೆ ಜಾಗದಲ್ಲಿ. ಒಂದು ಪ್ರತಿ ಫೈಲ್ ಸರ್ವರ್‌ನ ನಿಧಾನದ ಡಿಸ್ಕ್‌ಗಳಲ್ಲಿ. ಒಂದು ಗ್ರಂಥಾಲಯದಲ್ಲಿರುವ ಮ್ಯಾಗ್ನೆಟಿಕ್ ಟೇಪ್‌ನಲ್ಲಿ. ಎಲ್‌ಟಿಒ ಎಂಬ ಬಗೆಯ ಒಂಬತ್ತನೇ ಪೀಳಿಗೆಯ ಒಂದು ಟೇಪ್ 18 ಟಿಬಿ ಹಿಡಿಯುತ್ತದೆ, ಅಂಗೈಗಲದ ಪೆಟ್ಟಿಗೆ, ಕಪಾಟಿನಲ್ಲಿ ಕೂತಾಗ ಕರೆಂಟ್ ಬೇಡ. ಮೂರನೆಯದು ಹೊರಗಿನ ಕ್ಲೌಡ್‌ನ ಕೋಲ್ಡ್ ಸ್ಟೋರೇಜ್‌ನಲ್ಲಿ. ಅಲ್ಲಿ ಇಡುವುದು ಅಗ್ಗ, ತೆಗೆಯುವುದು ದುಬಾರಿ ಮತ್ತು ನಿಧಾನ. ಈ ಷರತ್ತನ್ನು ಮೊದಲೇ ಓದಿ ಒಪ್ಪಿಕೊಂಡು ಇಡಬೇಕು. ದಿನಾ ತೆರೆಯುವ ಫೈಲನ್ನು ಅಲ್ಲಿಟ್ಟರೆ ಬಿಲ್ ನೋಡಿ ಎದೆ ಒಡೆಯುತ್ತದೆ.

ಮೂರು ಪ್ರತಿ ಅತಿಯಾಯಿತು ಎಂದು ಹಣಕಾಸಿನವರು ಹೇಳಿದರು. ಅವರಿಗೆ ಎರಡು ಘಟನೆ ತೋರಿಸಿದೆ. 2021ರ ಡಿಸೆಂಬರ್‌ನಲ್ಲಿ ಕ್ಯೋಟೋ ವಿಶ್ವವಿದ್ಯಾಲಯದ ಸೂಪರ್ ಕಂಪ್ಯೂಟರ್‌ನಲ್ಲಿ ಸುಮಾರು 77 ಟಿಬಿ ಫೈಲುಗಳು ಅಳಿಸಿಹೋದವು. ಸುಮಾರು 3.4 ಕೋಟಿ ಫೈಲು, 14 ಸಂಶೋಧನಾ ತಂಡಗಳದ್ದು. ಹಳೆಯ ಲಾಗ್ (ಯಂತ್ರ ಬರೆದಿಡುವ ದಿನಚರಿ) ಅಳಿಸುವ ಸ್ಕ್ರಿಪ್ಟ್ ಎಂಬ ಪುಟ್ಟ ಪ್ರೋಗ್ರಾಮನ್ನು ಅದು ಓಡುತ್ತಿರುವಾಗಲೇ ಬದಲಿಸಿದ್ದರಿಂದ, ಲಾಗ್ ಬದಲು ಜನರ ಫೈಲುಗಳನ್ನೇ ಅಳಿಸಿತು. ಅದೇ ವರ್ಷ ಮಾರ್ಚ್ 10ರಂದು ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಒಂದು ಕಟ್ಟಡ ಪೂರ್ತಿ ಸುಟ್ಟಿತು. ಬ್ಯಾಕಪ್ಪನ್ನೂ ಅದೇ ಆವರಣದಲ್ಲಿ ಇಟ್ಟುಕೊಂಡಿದ್ದ ಕೆಲವರು ಎರಡನ್ನೂ ಕಳೆದುಕೊಂಡರು. ಒಂದು ಸ್ಕ್ರಿಪ್ಟ್‌ಗೆ, ಒಂದು ಪಾಸ್‌ವರ್ಡ್‌ಗೆ, ಒಂದು ಬೆಂಕಿಗೆ ಮೂರೂ ಪ್ರತಿ ಸಿಕ್ಕಬಾರದು. ಇದನ್ನು ಹೇಳಿದ ಮೇಲೆ ಅವರು ಸಹಿ ಹಾಕಿದರು.

ಪ್ರಕಟವಾದ ಲೇಖನಗಳಿಗೆ ಆಧಾರವಾದ ಚಿತ್ರಗಳನ್ನು ಬೇರೆ ಮಾಡಿದೆವು. ಅವನ್ನು ಬೀಗ ಹಾಕಿ ಇಡುವುದಕ್ಕಿಂತ ಲೋಕಕ್ಕೆ ಕೊಡುವುದು ಒಳ್ಳೆಯದು. ಝೆನೊಡೊಗೆ ಹಾಕಿದೆವು. ಯುರೋಪಿನ ಭೌತವಿಜ್ಞಾನ ಸಂಶೋಧನಾ ಸಂಸ್ಥೆ ಸರ್ನ್ 2013ರಿಂದ ನಡೆಸುತ್ತಿರುವ ಈ ಭಂಡಾರ ಎಲ್ಲರಿಗೂ ಉಚಿತ. ಒಂದು ದಾಖಲೆಗೆ 50 ಜಿಬಿ ತನಕ ಬಿಡುತ್ತದೆ, ಪ್ರತಿಯೊಂದಕ್ಕೂ ಡಿಒಐ ಎಂಬ ಶಾಶ್ವತ ಗುರುತಿನ ಸಂಖ್ಯೆ ಕೊಡುತ್ತದೆ. ಮೇಡಂ ತಮ್ಮ ಹೆಸರಿನ ಮುಂದೆ ಮೊದಲ ಡಿಒಐ ನೋಡಿದಾಗ ಅದನ್ನು ಒಂದು ಚೀಟಿಯಲ್ಲಿ ಬರೆದು ಲ್ಯಾಬ್ ಬಾಗಿಲಿಗೆ ಅಂಟಿಸಿದರು.

ಲ್ಯಾಬ್‌ನಲ್ಲಿ ಕೂತ ಮೂರನೇ ದಿನ ಇನ್ನೊಂದು ವಿಷಯ ಸಿಕ್ಕಿತ್ತು. ವಿದ್ಯಾರ್ಥಿಗಳ ಅಂಕಪಟ್ಟಿಯ ಒಂದು ಫೋಲ್ಡರ್ "ಲಿಂಕ್ ಇರುವ ಯಾರು ಬೇಕಾದರೂ ನೋಡಬಹುದು" ಎಂದು ತೆರೆದೇ ಇತ್ತು, ನಾಲ್ಕು ವರ್ಷದಿಂದ. ಒಂದು ಸಂಜೆ ಅವಸರದಲ್ಲಿ ಯಾರಿಗೋ ಕಳಿಸಲು ತೆರೆದಿದ್ದರಂತೆ, ಮುಚ್ಚಲು ಮರೆತಿದ್ದರು. ತಕ್ಷಣ ಮುಚ್ಚಿ, ವಿದ್ಯಾರ್ಥಿಗಳ ಹೆಸರಿರುವ ಎಲ್ಲ ಫೋಲ್ಡರ್‌ಗಳನ್ನು ಹುಡುಕಿ ಬೇರೆ ಮಾಡಿದೆವು. ಯಾವ ಸೇವೆಯನ್ನೇ ಆರಿಸಿ, ಹೊರಗೆ ತೆರೆದ ಲಿಂಕ್‌ಗಳ ಪಟ್ಟಿಯನ್ನು ನಿರ್ವಾಹಕರು ತೆಗೆದು ನೋಡಲು ಸಾಧ್ಯವಾ ಎಂದು ಮೊದಲು ಕೇಳಿ.

ವೆಬ್‌ಸೈಟ್‌ನ ಕಥೆ

ವೆಬ್‌ಸೈಟ್ ಎದ್ದು ನಿಂತಿತ್ತು, ನಿಜ. ಒಳಗೆ ನೋಡಿದರೆ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಅದು ವೆಬ್‌ಸೈಟ್ ಓಡಿಸುವ ಪಿಎಚ್‌ಪಿ ಭಾಷೆಯ 5.6 ಆವೃತ್ತಿಯ ಮೇಲೆ ಓಡುತ್ತಿತ್ತು. ಆ ಆವೃತ್ತಿಗೆ ಭದ್ರತಾ ತಿದ್ದುಪಡಿ ನಿಂತದ್ದು 2018ರ ಡಿಸೆಂಬರ್‌ನಲ್ಲಿ. ಫೋಟೊಗಳ ಫೋಲ್ಡರ್‌ನಲ್ಲಿ ಯಾರೂ ಹಾಕದ ಫೈಲುಗಳಿದ್ದವು. ಹುಡುಕುತಾಣದಲ್ಲಿ ವಿಭಾಗದ ವಿಳಾಸ ಕೊಟ್ಟು ನೋಡಿದರೆ ಯಾವುದೋ ಮಾತ್ರೆ ಮಾರುವ ಪುಟಗಳು ಬಂದವು. ಯಾರೋ ಒಳಹೊಕ್ಕು ಬಹಳ ಕಾಲವಾಗಿತ್ತು. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಬೇರೆ ಕಡೆ ಎತ್ತಿಡುವ ಮಾತೇ ಇರಲಿಲ್ಲ. ಬರಹ, ಫೋಟೊ, ದತ್ತಾಂಶ ಮಾತ್ರ ತೆಗೆದುಕೊಂಡು ಕೋಡನ್ನು ಪೂರ್ತಿ ಬಿಟ್ಟೆವು.

ಎಲ್ಲಿ ಹಾಕುವುದು? ಹೊರಗಿನ ಹೋಸ್ಟಿಂಗ್‌ನಲ್ಲೇ ಇದ್ದು ಹೆಸರು ಬದಲಿಸಬಹುದಿತ್ತು. ಆದರೆ ಅಂಥ ಹೋಸ್ಟಿಂಗ್ ಕೊಡುವುದು ಜಾಗವನ್ನು. ಒಳಗಿನ ಸಾಫ್ಟ್‌ವೇರ್ ನವೀಕರಿಸುವ ಮನುಷ್ಯನನ್ನು ಕೊಡುವುದಿಲ್ಲ. ವಿಭಾಗಕ್ಕೆ ನಮ್ಮಲ್ಲೇ ಒಂದು ವರ್ಚುವಲ್ ಸರ್ವರ್ ಕೊಡಬಹುದಿತ್ತು. ಅದರ ಬಾಗಿಲು ಕಾಯುವವರು ವಿಭಾಗದಲ್ಲಿ ಯಾರೂ ಇಲ್ಲ. ಒಬ್ಬ ಉತ್ಸಾಹಿ ವಿದ್ಯಾರ್ಥಿ "ನಾನು ನೋಡ್ಕೋತೀನಿ ಸರ್" ಅಂದರು. ಹಿಂದಿನವರೂ ಹಾಗೇ ಹೇಳಿದ್ದರು. ಅವರ ಉತ್ಸಾಹ ದೊಡ್ಡದು, ಆದರೆ ಮೂರು ವರ್ಷಕ್ಕೆ ಹೋಗುವವರ ಹೆಗಲಿಗೆ ಇದನ್ನು ಹಾಕಬಾರದು.

ಕೊನೆಗೆ ವಿಭಾಗದ ಸುಮಾರು 40 ಪುಟಗಳು ನಮ್ಮ ಕೇಂದ್ರ ನಡೆಸುವ ವರ್ಡ್‌ಪ್ರೆಸ್ ಎಂಬ ವೆಬ್‌ಸೈಟ್ ಸಾಫ್ಟ್‌ವೇರ್‌ಗೆ ಬಂದವು. ನವೀಕರಣ, ಬ್ಯಾಕಪ್ ನಮ್ಮ ಜವಾಬ್ದಾರಿ. ಬರೆಯುವುದು ಅವರದು. ಅವರಿಗೆ ಬೇಕಾದ ಪ್ಲಗಿನ್ (ಹೆಚ್ಚುವರಿ ಸಾಫ್ಟ್‌ವೇರ್) ಹಾಕಲು ನಾವು ಬಿಡುವುದಿಲ್ಲ. ಇದಕ್ಕೆ ಬೇಜಾರು ಆಯಿತು, ಆದರೆ ಒಪ್ಪಿದರು.

ಉಳಿದದ್ದು ಸಸ್ಯಮಾದರಿಗಳ ಹುಡುಕಾಟದ ಪುಟ. ಒಣಗಿಸಿ ಅಂಟಿಸಿದ 6,200 ಮಾದರಿಗಳ ವಿವರ, ಹಳೆಯ ಪಿಎಚ್‌ಪಿ ಮತ್ತು ಡೇಟಾಬೇಸ್ ಮೇಲೆ ಕೂತಿತ್ತು. ಆ ವಿಭಾಗದಲ್ಲಿ ಹೊರಗಿನವರು ಜಾಸ್ತಿ ನೋಡುವುದು ಇದನ್ನೇ. ಹೊಸದಾಗಿ ಬರೆಸಲು ದೊಡ್ಡ ಅಂದಾಜು ಬಂತು. ಆಗ ಲ್ಯಾಬ್‌ನ ಆ ಸಂಶೋಧನಾ ವಿದ್ಯಾರ್ಥಿನಿಯೇ ಕೇಳಿದರು: "ಈ ಪಟ್ಟಿ ವರ್ಷಕ್ಕೆ ಎರಡು ಸಲ ಮಾತ್ರ ಬದಲಾಗುತ್ತೆ. ಇದಕ್ಕೆ ಡೇಟಾಬೇಸ್ ಯಾಕೆ ಬೇಕು?" ಈ ಪ್ರಕರಣದಲ್ಲಿ ಕೇಳಿದ ಅತ್ಯಂತ ಒಳ್ಳೆಯ ಪ್ರಶ್ನೆ ಇದು. 6,200 ಸಾಲು ಬರಹ ಎಂದರೆ ಎರಡು ಮೂರು ಎಂಬಿ. ಅದನ್ನು ಒಂದು ಫೈಲ್ ಮಾಡಿ ಪುಟದ ಜೊತೆಗೇ ಕಳಿಸಿದರೆ ಓದುಗರ ಬ್ರೌಸರ್ರೇ ಹುಡುಕಿಕೊಳ್ಳುತ್ತದೆ. ಹಾಗೇ ಮಾಡಿದೆವು. ಈಗ ಅದು ಬರೀ ಸ್ಥಿರ ಪುಟ. ಸರ್ವರ್‌ನಲ್ಲಿ ಓಡುವ ಕೋಡ್ ಇಲ್ಲ, ಡೇಟಾಬೇಸ್ ಇಲ್ಲ. ಯಾವ ಸರ್ವರ್‌ನಲ್ಲಿಟ್ಟರೂ ನಡೆಯುತ್ತದೆ. ಮೊದಲಿಗಿಂತ ಬೇಗ ತೆರೆಯುತ್ತದೆ ಕೂಡ.

ಹಳೆಯ ಡೊಮೇನನ್ನು ಬಿಡಲಿಲ್ಲ. ಹಲವು ಪ್ರಬಂಧಗಳಲ್ಲಿ ಆ ವಿಳಾಸ ಅಚ್ಚಾಗಿದೆ. ಅಚ್ಚಾದದ್ದನ್ನು ತಿದ್ದಲು ಆಗುವುದಿಲ್ಲ. ಪ್ಯೂ ಸಂಶೋಧನಾ ಕೇಂದ್ರ 2024ರಲ್ಲಿ ಎಣಿಸಿ ನೋಡಿದಾಗ, 2013ರಲ್ಲಿದ್ದ ವೆಬ್‌ಪುಟಗಳಲ್ಲಿ ಶೇ. 38ರಷ್ಟು ಹತ್ತು ವರ್ಷದಲ್ಲಿ ಕಾಣೆಯಾಗಿದ್ದವು. ನಮ್ಮ ಪುಟಗಳು ಆ ಪಟ್ಟಿಗೆ ಸೇರಬಾರದು ಎಂಬ ಹಟ ನನಗಿತ್ತು. ಹಳೆಯ ವಿದ್ಯಾರ್ಥಿ ವರ್ಗಾವಣೆಯ ಕೋಡ್ ಕಳಿಸಿದರು, ಡೊಮೇನ್ ವಿಶ್ವವಿದ್ಯಾಲಯದ ಹೆಸರಿಗೆ ಬಂತು. ಮಾಲೀಕರ ಹೆಸರು ಬದಲಿಸಿದರೆ 60 ದಿನ ಬೇರೆ ಕಂಪನಿಗೆ ಸಾಗಿಸಲು ಬಿಡದ ಬೀಗ ಬೀಳಬಹುದು. ಇದು ಮೊದಲೇ ಗೊತ್ತಿದ್ದರೆ ನಾವು ಆ ಎರಡು ತಿಂಗಳು ಕಾಯಬೇಕಿರಲಿಲ್ಲ, ಮೊದಲು ಸಾಗಿಸಿ ಆಮೇಲೆ ಹೆಸರು ಬದಲಿಸುತ್ತಿದ್ದೆವು. ಈಗ ಹಳೆಯ ವಿಳಾಸದ ಪ್ರತಿ ಪುಟವೂ ಹೊಸದರ ಅದೇ ಪುಟಕ್ಕೆ ಕರೆದೊಯ್ಯುತ್ತದೆ.

ಅಧ್ಯಾಪಕರ ಸ್ವಂತ ಪುಟಗಳ ಬಗ್ಗೆ ಸಭೆಯಲ್ಲಿ ಜೋರು ಚರ್ಚೆ ನಡೆಯಿತು. ಅಮೆರಿಕದ ಮೇರಿ ವಾಷಿಂಗ್ಟನ್ ವಿಶ್ವವಿದ್ಯಾಲಯ 2013ರಿಂದ ವಿದ್ಯಾರ್ಥಿಗಳಿಗೂ ಅಧ್ಯಾಪಕರಿಗೂ ಸ್ವಂತ ಡೊಮೇನ್, ಹೋಸ್ಟಿಂಗ್ ಕೊಡುತ್ತಿದೆ. ಹೋಗುವಾಗ ಅದನ್ನು ಜೊತೆಗೇ ಒಯ್ಯಬಹುದು. ನನಗೆ ಈ ದಾರಿ ಬಹಳ ಇಷ್ಟ. ವ್ಯಕ್ತಿಯದ್ದು ವ್ಯಕ್ತಿಯ ಜೊತೆ ಹೋಗಲಿ, ವಿಭಾಗದ್ದು ವಿಭಾಗದಲ್ಲಿ ಉಳಿಯಲಿ. ಎರಡನ್ನೂ ಒಂದೇ ಖಾತೆಯಲ್ಲಿ ಕಲಸಿಟ್ಟಾಗಲೇ ತೊಂದರೆ. ನಮ್ಮಲ್ಲಿ ಇದಕ್ಕೆ ಇನ್ನೂ ಒಪ್ಪಿಗೆ ಸಿಕ್ಕಿಲ್ಲ.

ಸಾಗಿಸುವಾಗ ಕಲಿತದ್ದು

ಡ್ರೈವ್‌ನಿಂದ ಹೊರಗೆ ಹೋಗಬೇಕಿದ್ದ 7.5 ಟಿಬಿಯನ್ನು ಸೆಕೆಂಡಿಗೆ 1 ಗಿಗಾಬಿಟ್ ದಾರಿಯಲ್ಲಿ ಸಾಗಿಸಲು ಕಾಗದದ ಮೇಲೆ ಹದಿನೇಳು ಗಂಟೆ ಸಾಕು. ನಮಗೆ ಹಿಡಿದದ್ದು ಮೂರು ವಾರ. ಇದ್ದದ್ದು 41 ಲಕ್ಷ ಫೈಲು, ಬಹುಪಾಲು ಚಿಕ್ಕವು. ಫೈಲ್ ಚಿಕ್ಕದಾದಷ್ಟೂ ಸಾಗಾಟ ಕುಂಟುತ್ತದೆ. ಮುಗಿದ ಯೋಜನೆಗಳ ಫೋಲ್ಡರ್‌ಗಳನ್ನು ಒಂದೊಂದು ಕಟ್ಟು ಮಾಡಿ ಕಳಿಸಲು ಶುರು ಮಾಡಿದ ಮೇಲೆ ವೇಗ ಬಂತು.

ಒಂದು ದೊಡ್ಡ ಅನಾಹುತ ಸ್ವಲ್ಪದರಲ್ಲಿ ತಪ್ಪಿತು. ಎಲ್ಲ ಇಳಿಸಿ ಮುಗಿಯಿತು ಎಂದುಕೊಂಡು ಇಪ್ಪತ್ತು ಫೋಲ್ಡರ್‌ಗಳನ್ನು ಹಾಗೇ ಆರಿಸಿ ತೆರೆದು ನೋಡುತ್ತಿದ್ದೆವು. ಒಂದು ಫೋಲ್ಡರ್‌ನಲ್ಲಿ ಮೇಡಂ ಅವರ ಕ್ಷೇತ್ರಕಾರ್ಯದ ಟಿಪ್ಪಣಿಗಳು. ಪ್ರತಿ ಫೈಲೂ 1 ಕೆಬಿ. ತೆರೆದರೆ ಬರಹ ಇಲ್ಲ, ಒಂದು ಸಾಲಿನಷ್ಟು ಕೊಂಡಿ ಮಾತ್ರ. ಗೂಗಲ್ ಡಾಕ್ಸ್‌ನಲ್ಲಿ ಬರೆದದ್ದು ಕಂಪ್ಯೂಟರ್‌ಗೆ ಸಿಂಕ್ ಆದಾಗ ನಿಜವಾದ ಫೈಲಾಗಿ ಬರುವುದಿಲ್ಲ. ಬರುವುದು ಮೂಲದ ಕಡೆ ಬೆರಳು ತೋರಿಸುವ ಒಂದು ಗುರುತು. ಖಾತೆ ಮುಚ್ಚಿದ್ದರೆ ಆ ಗುರುತು ತೋರಿಸುವ ಕಡೆ ಏನೂ ಇರುತ್ತಿರಲಿಲ್ಲ. ಅವನ್ನೆಲ್ಲ ವರ್ಡ್ ಮತ್ತು ಪಿಡಿಎಫ್ ಆಗಿ ಮತ್ತೆ ಇಳಿಸಿದೆವು. 640 ಟಿಪ್ಪಣಿಗಳಿದ್ದವು. "ಕಾಪಿ ಆಯಿತು" ಎಂಬ ಸಂದೇಶವನ್ನು ನಂಬಿ ಮೂಲವನ್ನು ಅಳಿಸಿದ್ದರೆ ಎಂದು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಅದಾದ ಮೇಲೆ ಚೆಕ್‌ಸಮ್ (ಫೈಲಿನ ಒಳಗಿರುವುದರಿಂದ ಲೆಕ್ಕ ಹಾಕಿ ತೆಗೆದ ಗುರುತಿನ ಸಂಖ್ಯೆ) ತಾಳೆ ನೋಡದೆ, ಫೋಲ್ಡರ್ ತೆರೆದು ಕಣ್ಣಾರೆ ನೋಡದೆ ನಾವು ಯಾವುದನ್ನೂ ಅಳಿಸಿಲ್ಲ.

ಈಗ

ಪ್ರತಿ ಸೇವೆಯ ಪಕ್ಕದಲ್ಲಿ ಇಬ್ಬರ ಹೆಸರಿರುವ ಒಂದು ಹಾಳೆ ವಿಭಾಗದ ಕಚೇರಿಯಲ್ಲಿದೆ. ಡೊಮೇನ್, ವರ್ಡ್‌ಪ್ರೆಸ್, ಶೇರ್ಡ್ ಡ್ರೈವ್, ಫೈಲ್ ಸರ್ವರ್, ಕೋಲ್ಡ್ ಸ್ಟೋರೇಜ್. ಇಮೇಲ್‌ಗಳು ವ್ಯಕ್ತಿಯ ವಿಳಾಸಕ್ಕೆ ಹೋಗುವುದಿಲ್ಲ, ಹುದ್ದೆಯ ವಿಳಾಸಕ್ಕೆ ಹೋಗುತ್ತವೆ. ನಮ್ಮ ಕೇಂದ್ರ ಯಾರದೇ ಖಾತೆ ಮುಚ್ಚುವ 90 ದಿನ ಮೊದಲು ಅವರ ವಿಭಾಗಕ್ಕೆ ಪತ್ರ ಬರೆಯುತ್ತದೆ: ಈ ಖಾತೆಯಲ್ಲಿ ನಿಮ್ಮದೇನಾದರೂ ಇದೆಯಾ? ಮೊನ್ನೆ ಡೊಮೇನ್ ನವೀಕರಣದ ಇಮೇಲ್ ಬಂತು. ನಾನು ನೋಡುವ ಹೊತ್ತಿಗೆ ಕಚೇರಿಯವರು ಬಿಲ್ ಪಾಸ್ ಮಾಡಿಸಿ ಕಟ್ಟಿಯಾಗಿತ್ತು.

"ಬೀಜ" ಎಂದು ಬರೆದ ಡಿಸ್ಕ್ ಇನ್ನೂ ತೆರೆದಿಲ್ಲ. ದತ್ತಾಂಶ ವಾಪಸ್ ತೆಗೆಯುವವರ ಹತ್ತಿರ ಇದೆ.

ಮೇಡಂ ನಿವೃತ್ತರಾಗಿದ್ದಾರೆ. ಮುಗಿದ ಯೋಜನೆಗಳ 149 ಫೋಲ್ಡರ್‌ಗಳಲ್ಲಿ ಬಹುಪಾಲಿನ ಹೆಸರು ಅವರಿಗೆ ಮಾತ್ರ ಅರ್ಥವಾಗುವಂಥದ್ದು. ಯಾವ ಗಿಡ, ಯಾವ ಜಾಗ, ಯಾವ ಲೆನ್ಸ್ ಎಂಬುದು ಅವರ ತಲೆಯಲ್ಲಿದೆ. ಹಾಗಾಗಿ ಪ್ರತಿ ಗುರುವಾರ ಬೆಳಗ್ಗೆ ಲ್ಯಾಬ್‌ಗೆ ಬರುತ್ತಾರೆ. ಆ ವಿದ್ಯಾರ್ಥಿನಿ ಒಂದು ಫೋಲ್ಡರ್ ತೆರೆಯುತ್ತಾರೆ, ಮೇಡಂ ನೋಡಿ ಹೇಳುತ್ತಾರೆ, ಅವರು ಒಂದು ಪುಟ ಬರೆದು ಅದರೊಳಗೆ ಇಡುತ್ತಾರೆ. ಇದುವರೆಗೆ 61 ಆಗಿವೆ.